ಟ್ರಿಪ್ಪಿಗೆ ಮುಂಚೆ ಪೆಟ್ರೋಲ್ ಲೆಕ್ಕ: ಮೈಸೂರಿಂದ ಮಂಗಳೂರಿಗೆ

ಮೈಸೂರಿಂದ ಮಂಗಳೂರಿಗೆ ಕಾರಲ್ಲಿ ಹೋಗಿಬರಲು ಪೆಟ್ರೋಲಿಗೆ ಎಷ್ಟಾಗುತ್ತದೆ ಅಂತ ಕೇಳಿದರೆ, ಹೆಚ್ಚಿನವರು ನಿಂತಲ್ಲೇ ಲೆಕ್ಕ ಹೇಳಿಬಿಡುತ್ತಾರೆ. ಹೋಗುವಾಗ ಸುಮಾರು 255 ಕಿಲೋಮೀಟರ್, ಬರುವಾಗ ಅಷ್ಟೇ, ಒಟ್ಟು 510. ಕಾರು ಲೀಟರಿಗೆ 20 ಕೊಡುತ್ತದೆ. ಅಲ್ಲಿಗೆ ಇಪ್ಪತ್ತೈದೂವರೆ ಲೀಟರ್. ಲೀಟರಿಗೆ 103 ರೂಪಾಯಿ ಅಂತ ಇಟ್ಟುಕೊಂಡರೆ 2,600 ಚಿಲ್ಲರೆ.

ಗುಣಾಕಾರ ಭಾಗಾಕಾರ ಎಲ್ಲ ಸರಿ. ಆದರೆ ಆ 20 ಬಂದದ್ದು ಎಲ್ಲಿಂದ? ಕಾರು ಕೊಳ್ಳುವಾಗ ಶೋರೂಮಿನಲ್ಲಿ ಹೇಳಿದ್ದು. ಅದು ಲ್ಯಾಬಿನಲ್ಲಿ ಕಾರನ್ನು ರೋಲರ್ ಮೇಲೆ ಓಡಿಸಿ ಅಳೆದ ಮೈಲೇಜ್. ಅಲ್ಲಿ ಹುಣಸೂರಿನ ಟ್ರಾಫಿಕ್ ಇಲ್ಲ, ಸಂಪಾಜೆ ಘಾಟಿ ಇಲ್ಲ, ಡಿಕ್ಕಿ ತುಂಬಾ ಬ್ಯಾಗು ಹಿಂದಿನ ಸೀಟಲ್ಲಿ ಮೂರು ಜನ ಅಂತೂ ಇಲ್ಲವೇ ಇಲ್ಲ. ನಿಮ್ಮ ಕಾರು ನಿಮ್ಮ ಕಾಲಡಿ ಎಷ್ಟು ಕೊಡುತ್ತದೆ ಅನ್ನೋದನ್ನು ನೀವೇ ಅಳೆಯಬೇಕು.

ಅಳೆಯೋದು ಸುಲಭ. ಬಂಕಿಗೆ ಹೋಗಿ ಫುಲ್ ಟ್ಯಾಂಕ್ ಮಾಡಿಸಿ. ನಾಝಲ್ ಒಂದು ಸಲ ಟಕ್ ಅಂತ ತಾನಾಗೇ ನಿಲ್ಲುತ್ತದೆ ನೋಡಿ, ಅಲ್ಲಿಗೆ ಸಾಕು. ಪಂಪಿನ ಹುಡುಗ "ರೌಂಡ್ ಫಿಗರ್ ಮಾಡ್ಲಾ ಸಾರ್" ಅಂತ ಕೇಳೇ ಕೇಳುತ್ತಾನೆ, ಬೇಡ ಅನ್ನಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಅರ್ಧ ಟ್ಯಾಂಕ್‌ಗಿಂತ ಜಾಸ್ತಿ ಖಾಲಿಯಾಗುವ ತನಕ ಓಡಿಸಿ, ಅದೇ ಬಂಕಿನಲ್ಲಿ, ಸಾಧ್ಯವಾದರೆ ಅದೇ ಪಂಪಿನಲ್ಲಿ, ಮತ್ತೆ ಟಕ್ ಅನ್ನುವವರೆಗೆ ಹಾಕಿಸಿ. 420 ಕಿಲೋಮೀಟರ್ ಓಡಿ 28 ಲೀಟರ್ ಹಿಡಿದರೆ ನಿಮ್ಮ ಮೈಲೇಜ್ 15. ಊರೊಳಗಿನದ್ದು ಒಂದು, ಹೈವೇದು ಒಂದು, ಹೀಗೆ ಎರಡು ಸಲ ಅಳೆದು ಬರೆದಿಟ್ಟುಕೊಳ್ಳಿ. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನು ಇದರ ಜೊತೆ ಹೋಲಿಸಿ ನೋಡಿ, ಆಮೇಲೆ ಅದನ್ನು ಎಷ್ಟು ನಂಬಬಹುದು ಅಂತ ಗೊತ್ತಾಗುತ್ತದೆ. ಹಳೇ ಲೆಕ್ಕ ಇದ್ದರೂ ಈಗ ಇನ್ನೊಂದು ಸಲ ಅಳೆಯಿರಿ. ಈಗ ಬಂಕುಗಳಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ.

ಇನ್ನು ದಾರಿ. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರದವರೆಗೆ ಕಾರು ಆರಾಮಾಗಿ ಹೋಗುತ್ತದೆ. ಅಲ್ಲಿಂದ ಮಡಿಕೇರಿಗೆ ಏರು. ಆದರೆ ಮೈಸೂರೇ 770 ಮೀಟರ್ ಎತ್ತರದಲ್ಲಿ ಇರೋದರಿಂದ ಮಡಿಕೇರಿಗೆ ನಾವು ಹತ್ತೋದು ಒಟ್ಟು ನಾನೂರು ಮೀಟರ್ ಅಷ್ಟೇ. ವಾಪಸ್ ಬರುವಾಗ ಲೆಕ್ಕ ಬೇರೆ. ಸಮುದ್ರದ ಮಟ್ಟದಿಂದ ಹೊರಟು ಪುತ್ತೂರು, ಸುಳ್ಯ, ಸಂಪಾಜೆ ದಾಟಿ ಮಡಿಕೇರಿ ಮುಟ್ಟುವಷ್ಟರಲ್ಲಿ ಸಾವಿರ ಮೀಟರಿಗೂ ಜಾಸ್ತಿ ಏರಿರುತ್ತೇವೆ. ಅಷ್ಟು ಭಾರವನ್ನು ಅಷ್ಟು ಎತ್ತರಕ್ಕೆ ಎತ್ತಲು, ಮಾಮೂಲಿ ಖರ್ಚಿನ ಮೇಲೆ ಒಂದು ಲೀಟರಿಗಿಂತ ಹೆಚ್ಚು ಪೆಟ್ರೋಲ್ ಬೇಕು. ಅದಕ್ಕೇ ಹೋಗುವಾಗ 17, ಬರುವಾಗ 15 ಅಂತ ಹಿಡಿಯೋದು ವಾಸಿ.

ಇಳಿಜಾರಲ್ಲಿ ಪೆಟ್ರೋಲ್ ಉಳಿಸೋಣ ಅಂತ ನ್ಯೂಟ್ರಲ್ ಹಾಕುವವರಿಗೆ ಒಂದು ಮಾತು, ದಯವಿಟ್ಟು ಹಾಗೆ ಮಾಡಬೇಡಿ. ಈಗಿನ ಕಾರುಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರಿಂದ ಕಾಲು ತೆಗೆದರೆ ಎಂಜಿನ್ನಿಗೆ ಪೆಟ್ರೋಲ್ ಹೋಗೋದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಓಡುತ್ತಿರಲು ಪೆಟ್ರೋಲ್ ಬೇಕೇ ಬೇಕು. ಉಳಿತಾಯವೂ ಇಲ್ಲ, ಮೇಲಿಂದ ಸಂಪಾಜೆಯಂಥ ತಿರುವುಗಳಲ್ಲಿ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಬ್ರೇಕ್ ಕಾಯುತ್ತದೆ.

ಎಲ್ಲರೂ ಬಿಟ್ಟುಬಿಡೋದು ಅಲ್ಲಿ ಹೋದ ಮೇಲಿನ ಓಡಾಟ. ಮಂಗಳೂರಿಗೆ ಹೋಗಿ ರೂಮಲ್ಲೇ ಕೂರುತ್ತೀರಾ? ಪಣಂಬೂರು, ಕಟೀಲು, ಸಂಜೆಗೆ ಉಳ್ಳಾಲ, ಆಮೇಲೆ ಊಟಕ್ಕೆ ಅಂತ ಇನ್ನೊಂದು ಸುತ್ತು. ಎರಡು ದಿನಕ್ಕೆ 70 ಕಿಲೋಮೀಟರ್ ಸುಮ್ನೆ ಆಗಿಹೋಗುತ್ತದೆ, ಅದೂ ಊರೊಳಗಿನ ಮೈಲೇಜಲ್ಲಿ, ಅಂದರೆ 12ರ ಲೆಕ್ಕದಲ್ಲಿ.

ಈಗ ಕೂಡಿ. ಹೋಗಲು 15 ಲೀಟರ್, ಬರಲು 17, ಓಡಾಟಕ್ಕೆ 6. ಒಟ್ಟು 38 ಲೀಟರ್, 3,900 ರೂಪಾಯಿ. ಮೊದಲಿನ ಲೆಕ್ಕಕ್ಕೂ ಇದಕ್ಕೂ 1,300 ರೂಪಾಯಿ ವ್ಯತ್ಯಾಸ. ತಿಂಗಳ ಸಂಬಳದಲ್ಲೇ ಟ್ರಿಪ್ಪಿಗೂ ದುಡ್ಡು ಎತ್ತಿಡುವ ಮನೆಗೆ ಇದು ಸಣ್ಣ ಮೊತ್ತ ಅಲ್ಲ, ಒಂದು ರಾತ್ರಿಯ ರೂಮಿನ ಬಾಡಿಗೆಯೇ ಆಗಬಹುದು. ಟೋಲ್ ಇದರಲ್ಲಿ ಸೇರಿಲ್ಲ. ಬಿ.ಸಿ. ರೋಡ್ ದಾಟಿದ ಮೇಲೆ ಬ್ರಹ್ಮರಕೂಟ್ಲು ಟೋಲ್ ಇದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡಿದೆಯಾ ನೋಡಿಕೊಳ್ಳಿ.

ಫ್ರೆಂಡ್ಸ್ ಜೊತೆ ಹೋಗೋದಾದರೆ ಹೊರಡುವ ಮುಂಚೆಯೇ ಗ್ರೂಪಲ್ಲಿ ಲೆಕ್ಕ ಹಾಕಿಬಿಡಿ. ಬಂದ ಮೇಲೆ ಕೇಳಲು ಕಾರಿನವನಿಗೂ ಮುಜುಗರ, ಕೊಡುವವರಿಗೂ ಮುಜುಗರ. ನಾಲ್ಕು ಜನ ಅಂದರೆ ಸಮನಾಗಿ ಹಂಚೋದು ವಾಡಿಕೆ. ಆದರೆ ಕಾರಿನವನ ಪಾಲನ್ನು ಅರ್ಧ ಮಾಡಬೇಕು ಅಂತ ನಾನು ಪ್ರತಿ ಸಲ ಹೇಳುತ್ತೇನೆ. ಟೈರ್ ಸವೆಯೋದು, ಸರ್ವೀಸು, ಇನ್ಶೂರೆನ್ಸು ಎಲ್ಲ ಅವನ ಜೇಬಿಂದಲೇ ಹೋಗುತ್ತದೆ ಅಲ್ವಾ? ಉಳಿದ ಮೂವರು 1,100ರಂತೆ ಹಾಕಲಿ, ಅವನು 600 ಹಾಕಲಿ.