ಒಂದು ಭೇಟಿಯ ನೆನಪಿಗೆ ಕಟ್ಟಿದ ಪೇಟೆ

ಮಡಿಕೇರಿಯಿಂದ ಮೂರ್ನಾಡಿನ ಮೂಲಕ ವಿರಾಜಪೇಟೆಗೆ ಹೋಗುವ ದಾರಿಯ ಎರಡೂ ಬದಿಗೆ ಕಾಫಿ ತೋಟಗಳು. ಅನಂತ ಚತುರ್ದಶಿಯ ಮಧ್ಯಾಹ್ನ ನಾನು ತಲುಪುವಾಗ ಮಳೆ ಬಿಟ್ಟಿತ್ತು. ಮಲೆತಿರಿಕೆ ಬೆಟ್ಟದ ಮೇಲೆ ಮಂಜು ಇನ್ನೂ ಕವಿದಿತ್ತು. ರಾತ್ರಿಯ ಗಣೇಶ ವಿಸರ್ಜನೋತ್ಸವಕ್ಕೆಂದೇ ಹೋಗಿದ್ದೆನಾದರೂ, ಈ ಪೇಟೆ ಹುಟ್ಟಿದ ಬಗೆ ತಿಳಿದಿದ್ದರೆ ಉತ್ಸವ ಇನ್ನಷ್ಟು ಅರ್ಥವಾಗುತ್ತದೆಂಬುದು ನನ್ನ ನಂಬಿಕೆ.

ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು, ಟಿಪ್ಪುವಿನ ವಶದಲ್ಲಿದ್ದ ಕೊಡಗನ್ನು ಮರಳಿ ಪಡೆಯಲು ಹೋರಾಡಿದ ಅರಸ. 1790ರಲ್ಲಿ ಅವನು ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡ. ಮರುವರ್ಷ ಜನರಲ್ ಅಬರ್‌ಕ್ರೊಂಬಿಯ ಬೊಂಬಾಯಿ ಸೈನ್ಯ ಮಲಬಾರಿನಿಂದ ಘಟ್ಟ ಹತ್ತಿ ಶ್ರೀರಂಗಪಟ್ಟಣದತ್ತ ಹೊರಟಾಗ, ಕೊಡಗಿನ ಮೂಲಕ ದಾರಿ ಬಿಟ್ಟುಕೊಟ್ಟು ದವಸಧಾನ್ಯ, ಎತ್ತುಗಳನ್ನೂ ಒದಗಿಸಿದ. ಆಗ ನಡೆದ ಅವರಿಬ್ಬರ ಭೇಟಿಯ ನೆನಪಿಗಾಗಿ 1792ರಲ್ಲಿ ತನ್ನ ಹೆಸರಿನಲ್ಲಿ ಈ ಪೇಟೆಯನ್ನು ಕಟ್ಟಿಸಿದ.

ನೆನಪಿಗೆ ಶಿಲಾಸ್ತಂಭ ನೆಡಿಸುವುದು ಸುಲಭ. ಪೇಟೆ ನಿಲ್ಲಬೇಕಾದರೆ ಜನ ಬೇಕು, ವ್ಯಾಪಾರ ಬೇಕು. ಮಲಬಾರಿಗೆ ಇಳಿಯುವ ಘಟ್ಟದ ದಾರಿ ಹತ್ತಿರವೇ ಇದ್ದುದು ಅನುಕೂಲವಾಯಿತು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕೊಂಕಣಿ ಮಾತಿನ ಕ್ಯಾಥೊಲಿಕರಿಗೂ ಅರಸ ಇಲ್ಲಿ ನೆಲೆ ಕೊಟ್ಟ. ಸಂತ ಅನ್ನಮ್ಮ ದೇವಾಲಯದ ಇತಿಹಾಸ ಆರಂಭವಾಗುವುದು ಅವರಿಂದಲೇ. ಸಂಜೆ ಅದರ ಎತ್ತರದ ಗೋಪುರದ ಮುಂದೆ ನಿಂತಾಗ, ದಿಕ್ಕು ತಪ್ಪಿ ಬಂದವರಿಗೆ ಬಾಗಿಲು ತೆರೆದ ಊರಿನ ಬಗ್ಗೆ ನನಗೆ ನಿಜವಾದ ಗೌರವ ಮೂಡಿತು.

ಕತ್ತಲಾಗುತ್ತಿದ್ದಂತೆ ಗಡಿಯಾರ ಕಂಬದ ಸುತ್ತ ಜನ ತುಂಬಿದರು. ದೀಪಾಲಂಕಾರದ ಮಂಟಪಗಳು ಒಂದರ ಹಿಂದೊಂದು ಬೀದಿಗಿಳಿದವು. ವಾದ್ಯದ ಸದ್ದಿನ ನಡುವೆ ಮಾತು ಕೇಳಿಸದೆ ಜನ ಕೈಸನ್ನೆಯಲ್ಲೇ ಒಬ್ಬರನ್ನೊಬ್ಬರು ಕರೆಯುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದವರಿದ್ದರು. ನನ್ನ ಪಕ್ಕದಲ್ಲೇ ಕೊಡವ ತಕ್ಕ್, ಮಲಯಾಳ, ಕೊಂಕಣಿ, ಕನ್ನಡ ನಾಲ್ಕೂ ಕೇಳಿಬಂದವು. "ಮುಂದೆ ಬನ್ನಿ ಅಣ್ಣ, ಇಲ್ಲಿಂದ ಚೆನ್ನಾಗಿ ಕಾಣುತ್ತೆ" ಎಂದು ಅಂಗಡಿಯವರೊಬ್ಬರು ತಮ್ಮ ಜಗಲಿಯಲ್ಲಿ ಜಾಗ ಮಾಡಿಕೊಟ್ಟರು. ಸ್ಥಾಪನೆಯ ವರ್ಷವನ್ನು ಲೆಕ್ಕ ಹಾಕಿ ಆಚರಿಸುವ ಹಬ್ಬ ಇದಲ್ಲ. ಆದರೂ ಹಲವು ಕಡೆಯಿಂದ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು ಒಂದೇ ಬೀದಿಯಲ್ಲಿ ಸೇರುವ ಈ ರಾತ್ರಿಯೇ ನನ್ನ ಪಾಲಿಗೆ ವಿರಾಜಪೇಟೆಯ ವಾರ್ಷಿಕೋತ್ಸವ.

ಮೂರ್ತಿಗಳು ಗೌರಿಕೆರೆ ಸೇರುವುದು ಬಹಳ ತಡವಾಗಿ. ನೋಡಲು ಹೋಗುವವರು ಹಗಲಲ್ಲೇ ತಲುಪಿ, ಮೊದಲು ಚರ್ಚಿನಿಂದ ಗಡಿಯಾರ ಕಂಬದವರೆಗೆ ನಡೆದು ಊರನ್ನು ನೋಡಿಕೊಳ್ಳುವುದು ಒಳ್ಳೆಯದು. ಮೆರವಣಿಗೆ ಹೊರಟ ಮೇಲೆ ಆ ಬೀದಿಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ.