ಬೆಕ್ಕಿನ ರಕ್ತದೊತ್ತಡ: ಅಳತೆ ಸರಿಯಾಗಿದ್ದರೆ ಮಾತ್ರ ಚಿಕಿತ್ಸೆ ಸರಿ

ಮೂತ್ರಪಿಂಡದ ತೊಂದರೆಯಿರುವ ನಮ್ಮ ಮುದಿ ಬೆಕ್ಕು ಮಿಂಚುವಿಗೆ ಈಗ ದಿನವೂ ರಕ್ತದೊತ್ತಡದ ಮಾತ್ರೆ ಕೊಡುತ್ತಿದ್ದೇವೆ. ಬೆಕ್ಕಿಗೂ ಬಿ.ಪಿ. ಬರುತ್ತದೆಯೇ ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ಬಂದದ್ದು ತಿಳಿಯುವಷ್ಟರಲ್ಲಿ ಎಷ್ಟೋ ಬೆಕ್ಕುಗಳು ದೃಷ್ಟಿ ಕಳೆದುಕೊಂಡಿರುತ್ತವೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಬೆಕ್ಕುಗಳಲ್ಲಿ ಈ ತೊಂದರೆ ಬಹುಪಾಲು ಇನ್ನೊಂದು ಕಾಯಿಲೆಯ ಬೆನ್ನಿಗೇ ಬರುತ್ತದೆ. ದೀರ್ಘಕಾಲದ ಮೂತ್ರಪಿಂಡ ರೋಗ ಮತ್ತು ಥೈರಾಯ್ಡ್ ಗ್ರಂಥಿಯ ಅತಿಯಾದ ಸ್ರಾವ ಇದರ ಮುಖ್ಯ ಕಾರಣಗಳಾದ್ದರಿಂದ, ಪಶುವೈದ್ಯರು ರಕ್ತ ಮತ್ತು ಮೂತ್ರದ ಪರೀಕ್ಷೆಗಳನ್ನು ಹೇಳಿದರೆ ಅವನ್ನು ಅನಗತ್ಯ ಖರ್ಚೆಂದು ತಿಳಿಯಬಾರದು.

ಇಡೀ ಚಿಕಿತ್ಸೆ ಒತ್ತಡವನ್ನು ಅಳೆಯುವ ರೀತಿಯ ಮೇಲೆ ನಿಂತಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಪ್ರಯಾಣ, ಅಪರಿಚಿತ ಕೋಣೆ, ಪಕ್ಕದಲ್ಲಿ ಬೊಗಳುವ ನಾಯಿ, ಇವು ಆರೋಗ್ಯವಂತ ಬೆಕ್ಕಿನ ರಕ್ತದೊತ್ತಡವನ್ನೂ ಏರಿಸಬಲ್ಲವು. ಆದ್ದರಿಂದ ಬೆಕ್ಕನ್ನು ನಿಶ್ಶಬ್ದವಾದ ಕೋಣೆಯಲ್ಲಿ 5ರಿಂದ 10 ನಿಮಿಷ ಅದರ ಪಾಡಿಗೆ ಬಿಟ್ಟು, ಆಮೇಲೆ ಕಾಲಿಗೋ ಬಾಲದ ಬುಡಕ್ಕೋ ಪಟ್ಟಿ ಸುತ್ತಿ ಅಳೆಯುತ್ತಾರೆ. ಪಟ್ಟಿಯ ಅಗಲ ಆ ಭಾಗದ ಸುತ್ತಳತೆಯ ಶೇ. 30ರಿಂದ 40ರಷ್ಟಿರಬೇಕು, ಕಿರಿದಾದರೆ ಅಂಕಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ, ಅಗಲವಾದರೆ ಕಡಿಮೆ. ಮೊದಲ ಅಳತೆಯನ್ನು ಕೈಬಿಟ್ಟು, ನಂತರದ 5ರಿಂದ 7 ಅಳತೆಗಳ ಸರಾಸರಿ ತೆಗೆಯುವುದು ವಾಡಿಕೆ. ಮಿಂಚುವಿನ ವೈದ್ಯರು ಯಾವ ಕಾಲಿಗೆ ಯಾವ ಅಳತೆಯ ಪಟ್ಟಿ ಕಟ್ಟಿದರು, ಆಗ ಅದು ಶಾಂತವಾಗಿತ್ತೇ ಎಂಬುದನ್ನೂ ಕಡತದಲ್ಲಿ ಬರೆದಿಡುತ್ತಾರೆ. ಮುಂದಿನ ಸಲ ಅದೇ ಕ್ರಮ ಅನುಸರಿಸದಿದ್ದರೆ ಎರಡು ಅಂಕಿಗಳನ್ನು ಹೋಲಿಸುವುದಕ್ಕೆ ಅರ್ಥವೇ ಇರುವುದಿಲ್ಲವಾದ್ದರಿಂದ, ಈ ಶ್ರದ್ಧೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ರಕ್ತದೊತ್ತಡದ ಮೇಲಿನ ಅಂಕಿ, ಅಂದರೆ ಹೃದಯ ಕುಗ್ಗಿದಾಗಿನ (ಸಿಸ್ಟಾಲಿಕ್) ಒತ್ತಡ, 140 ಮಿ.ಮೀ. ಪಾದರಸಕ್ಕಿಂತ ಕಡಿಮೆಯಿದ್ದರೆ ಸಹಜ. ಅದು 160 ದಾಟಿ ಅಲ್ಲೇ ನಿಂತರೆ ಚಿಕಿತ್ಸೆ ಬೇಕಾಗುತ್ತದೆ. 180 ಅಥವಾ ಅದಕ್ಕಿಂತ ಹೆಚ್ಚಾದರೆ ಕಣ್ಣು, ಮಿದುಳು, ಹೃದಯ, ಮೂತ್ರಪಿಂಡಗಳಿಗೆ ಹಾನಿಯಾಗುವ ಅಪಾಯ ತೀವ್ರವಾಗಿರುತ್ತದೆ.

ಸಾಮಾನ್ಯವಾಗಿ ಕೊಡುವ ಔಷಧಿ ಆಮ್ಲೋಡಿಪಿನ್. ಮನುಷ್ಯರಿಗೂ ಇದೇ ಔಷಧಿಯಿದೆಯೆಂದು ಮನೆಯ ಹಿರಿಯರ ಡಬ್ಬಿಯಿಂದ ಮಾತ್ರೆ ಮುರಿದು ಕೊಡಲು ಹೊರಡಬಾರದು, ಏಕೆಂದರೆ ಬೆಕ್ಕಿನ ಆರಂಭದ ಪ್ರಮಾಣ ಸಾಮಾನ್ಯವಾಗಿ ದಿನಕ್ಕೆ 0.625 ಮಿಲಿಗ್ರಾಂ, ಅಂದರೆ 2.5 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ ಮಾತ್ರ, ಮತ್ತು ಅದನ್ನು ಏರಿಸಬೇಕೋ ಬೇಡವೋ ಎಂಬುದು ವೈದ್ಯರ ಅಳತೆಯಿಂದಲೇ ತಿಳಿಯಬೇಕು. ಬೆಕ್ಕುಗಳಿಗೆಂದೇ ತಯಾರಿಸಿದ ಟೆಲ್ಮಿಸಾರ್ಟಾನ್ ದ್ರಾವಣವೂ ಇದೆ. ಮಾತ್ರೆ ನುಂಗಲು ಹಟ ಮಾಡುವ ಬೆಕ್ಕುಗಳಿಗೆ ಅದು ಅನುಕೂಲವಾಗಬಹುದು. ಔಷಧಿ ಶುರುವಾದ ಒಂದೆರಡು ವಾರದೊಳಗೆ ಮತ್ತೆ ಅಳೆಸಬೇಕು. ಒತ್ತಡ ಹತೋಟಿಗೆ ಬಂದ ಮೇಲೂ ಕೆಲವು ತಿಂಗಳಿಗೊಮ್ಮೆ ಅಳೆಸುತ್ತಿರಬೇಕು, ಏಕೆಂದರೆ ಮೂಲ ಕಾಯಿಲೆ ಮುಂದುವರಿಯುತ್ತಲೇ ಇರುತ್ತದೆ.

ಮನೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸುವುದು ಮಿಂಚುವಿನ ಕಣ್ಣುಗಳನ್ನು. ಬೆಳಕಿನಲ್ಲೂ ಪಾಪೆಗಳು ಅಗಲವಾಗಿಯೇ ಉಳಿದರೆ, ಕಣ್ಣಿನೊಳಗೆ ರಕ್ತ ಕಂಡರೆ, ಪರಿಚಿತ ಪೀಠೋಪಕರಣಗಳಿಗೆ ಬೆಕ್ಕು ಡಿಕ್ಕಿ ಹೊಡೆಯತೊಡಗಿದರೆ ಮರುದಿನಕ್ಕೆ ಕಾಯುವಂತಿಲ್ಲ. ಅಕ್ಷಿಪಟಲ (ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ಪದರ) ಕಳಚಿಕೊಂಡಿದ್ದರೂ ಒತ್ತಡವನ್ನು ಬೇಗ ಇಳಿಸಿದರೆ ಕೆಲವು ಬೆಕ್ಕುಗಳಿಗೆ ಸ್ವಲ್ಪ ದೃಷ್ಟಿ ಮರಳುವುದುಂಟು. ಅತಿಯಾದ ನಿಶ್ಶಕ್ತಿ, ತೂರಾಟ, ಊಟ ಬಿಡುವುದು ಕಂಡರೆ ಒತ್ತಡ ತೀರ ಇಳಿದಿರಬಹುದಾದ್ದರಿಂದ ಆಗಲೂ ವೈದ್ಯರಿಗೆ ಕರೆ ಮಾಡಬೇಕು. ಒಂದು ಹೊತ್ತಿನ ಮಾತ್ರೆ ತಪ್ಪಿತೆಂದು ಮುಂದಿನ ಹೊತ್ತಿಗೆ ಎರಡು ಕೊಡುವುದಾಗಲಿ, ಬೆಕ್ಕು ಚೆನ್ನಾಗಿಯೇ ಇದೆಯೆಂದು ಅವರನ್ನು ಕೇಳದೆ ಔಷಧಿ ನಿಲ್ಲಿಸುವುದಾಗಲಿ ಕೂಡದು.