ಟೋಟಲ್ ಸರಿ ಇತ್ತು, ಸೈಜ್ ಸರಿ ಇರಲಿಲ್ಲ

ಬಳ್ಳಾರಿಯ ಕೌಲ್ ಬಜಾರ್ ಕಡೆ ಜೀನ್ಸ್ ಹೊಲಿಯೋ ಸಣ್ಣ ಯೂನಿಟ್‌ಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳೋದು ನನ್ನ ಕೆಲಸ. ದೀಪಾವಳಿ ಆರ್ಡರ್ ಜೋರಾಗಿದ್ದಾಗ ಒಬ್ಬ ಓನರ್ ಫೋನ್ ಮಾಡಿದರು. "ವಾಷಿಂಗಿಗೆ ಹೋದ ಮಾಲು ವಾಪಸ್ ಬಂದೈತ್ರಿ. ಕಂಪ್ಯೂಟರಿನಾಗ ಎಲ್ಲಾ ಬರೋಬ್ಬರಿ ಅಂತ ತೋರಸ್ತೈತಿ. ಪಾರ್ಟಿಯವ್ರು ನೋಡಿದ್ರ ಸೈಜು ಅದಲುಬದಲು ಅಂತಾರ. ಸ್ವಲ್ಪ ಬಂದು ನೋಡ್ರಿ."

ಹೋದೆ. ಆ ಭಾಗದ ಕೋಡ್ ಹಿಂದೆ ಬೇರೆ ಯಾರೋ ಬರೆದಿದ್ದು. ಕಳಿಸಿದ ಸೈಜುಗಳದ್ದು ಒಂದು ಅರೇ (ಸಾಲಾಗಿ ಇಟ್ಟ ಪಟ್ಟಿ), ವಾಪಸ್ ಬಂದಿದ್ದರದ್ದು ಇನ್ನೊಂದು. ವಾಷಿಂಗ್ ಮುಗಿಸಿ ಬರುವಾಗ ಪ್ಯಾಂಟುಗಳು ಹೋದ ಸಾಲಿನಲ್ಲೇ ಬರಲ್ಲ, ಹಾಗಾಗಿ ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಅಂತ ಹೋಲಿಸೋಕೆ ಆಗಲ್ಲ. ಆ ಪುಣ್ಯಾತ್ಮ ಏನು ಮಾಡಿದ್ದ ಅಂದ್ರೆ, ಪೀಸ್ ಲೆಕ್ಕ ಒಂದೇ ಇದ್ದು ಸೈಜುಗಳ ಮೊತ್ತವೂ ಒಂದೇ ಬಂದ್ರೆ ಸಾಕು, ಹಸಿರು ಟಿಕ್.

28 ಮತ್ತು 36 ಕೂಡಿಸಿ, 64. 30 ಮತ್ತು 34 ಕೂಡಿಸಿ, ಅದೂ 64. ಎರಡು 32 ಇಟ್ಟರೂ 64. ಜೀನ್ಸ್ ಸೈಜಲ್ಲಿ ಇದು ದಿನಾ ಆಗೋ ಮಾತು.

ನನ್ನ ಜೊತೆ ಬಂದಿದ್ದ ಹುಡುಗ ಚುರುಕು. "ಸರ್, ವರ್ಗಗಳನ್ನೂ ಕೂಡಿಸಿ ನೋಡಿದ್ರೆ?" ಅಂದ. ಅಲ್ಲೇ ಬಿದ್ದಿದ್ದ ರಟ್ಟಿನ ಮೇಲೆ ಬರೆದು ತೋರಿಸಿದೆ. ಒಂದು ಕಡೆ 28, 36, 38. ಇನ್ನೊಂದು ಕಡೆ 30, 32, 40. ಎರಡೂ ಕಡೆ ಮೊತ್ತ 102. ವರ್ಗಗಳ ಮೊತ್ತ ಎರಡೂ ಕಡೆ 3524! ಒಂದು ಸೈಜೂ ಹೊಂದಲ್ಲ. ಎಕ್ಸಾರ್ ಅಂದ, ಅಂದ್ರೆ ಒಂದೇ ಸಂಖ್ಯೆ ಎರಡು ಸಲ ಬಂದರೆ ಒಂದನ್ನೊಂದು ಅಳಿಸಿಹಾಕೋ ಕಂಪ್ಯೂಟರ್ ಲೆಕ್ಕ. ಅದಂತೂ ಇನ್ನೂ ಕಷ್ಟ, ಎರಡು 30 ಹಾಕಿದರೂ ಸೊನ್ನೆ, ಎರಡು 32 ಹಾಕಿದರೂ ಸೊನ್ನೆ. ಮೊತ್ತ ಬೇರೆ ಬಂದರೆ ಮಾಲು ಬೇರೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಒಂದೇ ಬಂದರೆ ಏನೂ ಹೇಳೋಕಾಗಲ್ಲ.

ಒಂದೊಂದನ್ನೇ ಎತ್ತಿಕೊಂಡು ಇನ್ನೊಂದು ಪಟ್ಟಿಯಲ್ಲಿ ಹುಡುಕಿ ಹೊಡೆದುಹಾಕುತ್ತಾ ಹೋಗಬಹುದು, ಉತ್ತರ ಸರಿಯಾಗೇ ಬರುತ್ತೆ, ಆದರೆ ಸಾವಿರ ಪೀಸ್ ಅಂದ್ರೆ ಲಕ್ಷಗಟ್ಟಲೆ ಹೋಲಿಕೆ. ಎರಡನ್ನೂ ಏರಿಕೆಯಲ್ಲಿ ಜೋಡಿಸಿ ಅಕ್ಕಪಕ್ಕ ಇಟ್ಟು ನೋಡೋದು ಎಷ್ಟೋ ವಾಸಿ. ಸಾವಿರ ಪೀಸಿಗೆ ಪ್ರತಿ ಪಟ್ಟಿಗೂ ಸುಮಾರು ಹತ್ತು ಸಾವಿರ ಹೋಲಿಕೆಯಲ್ಲಿ ಮುಗಿಯುತ್ತೆ. ಬೇರೆ ಕಡೆ ಆಗಿದ್ರೆ ನಾನೂ ಅದನ್ನೇ ಮಾಡ್ತಿದ್ದೆ.

ಇಲ್ಲಿ ಅದೂ ಜಾಸ್ತಿನೇ. ಸೈಜು ಇರೋದೇ 28ರಿಂದ 40, ಅದೂ ಸಮ ಸಂಖ್ಯೆ ಮಾತ್ರ. ಏಳು ಖಾನೆ ಸಾಕು. ಹೋದ ಪ್ಯಾಂಟಿಗೆ ಅದರ ಖಾನೆಯಲ್ಲಿ ಒಂದು ಕೂಡಿಸು, ಬಂದಿದ್ದಕ್ಕೆ ಒಂದು ಕಳಿ. ಕೊನೆಗೆ ಎಲ್ಲಾ ಖಾನೆ ಸೊನ್ನೆ ಆದರೆ ಎರಡೂ ಒಂದೇ. ಒಂದೊಂದು ಪಟ್ಟಿಯನ್ನ ಒಂದೇ ಸಲ ಓದಿದರೆ ಆಯ್ತು. ಪ್ಯಾಕಿಂಗ್ ಅಕ್ಕ ಆಗಲೇ ಕಾರ್ಟನ್ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಗೀಟು, ಅಡ್ಡ ಒಂದು ಗೀಟು ಅಂತ ಸೈಜುವಾರು ಎಣಿಸ್ತಿದ್ದರು. "ನಮ್ದು ಮುಗೀತು, ನಿಮ್ದು ಎಷ್ಟೊತ್ರಿ?" ಅಂದರು.

ನಮ್ಮದೂ ಬಂತು. 28ರಲ್ಲಿ ಪ್ಲಸ್ 6, 36ರಲ್ಲಿ ಪ್ಲಸ್ 6, 32ರಲ್ಲಿ ಮೈನಸ್ 12, ಉಳಿದಿದ್ದೆಲ್ಲ ಸೊನ್ನೆ. ನೋಡಿದ ತಕ್ಷಣ ಓನರ್‌ಗೆ ಅರ್ಥ ಆಯ್ತು. ಬೇರೆಯವರ 32ರ ಡಜನ್ ಕಟ್ಟು ಇಲ್ಲಿಗೆ ಬಂದಿದೆ, ಇವರ ಅರ್ಧ 28, ಅರ್ಧ 36ರ ಕಟ್ಟು ಅಲ್ಲಿಗೆ ಹೋಗಿದೆ. ಎರಡೂ ಕಟ್ಟಿನ ಮೊತ್ತ 384. ಟಿಕ್ ಬರದೇ ಇನ್ನೇನು? ಜೋಡಿಸಿ ನೋಡಿದ್ರೆ ಬೇರೆ ಅಂತ ಗೊತ್ತಾಗ್ತಿತ್ತು, ಎಲ್ಲಿ ಎಷ್ಟು ಅಂತ ಇಷ್ಟು ನೆಟ್ಟಗೆ ಕಾಣ್ತಿರಲಿಲ್ಲ.

ಅಷ್ಟಕ್ಕೆ ಬಿಡ್ತಾರಾ? "ಹಂಗಾದ್ರ ಪೀಸ್ ನಂಬರೂ ಹಿಂಗ ಚೆಕ್ ಮಾಡ್ರಿ" ಅಂದರು. ಅವು ಉದ್ದುದ್ದ ಬಾರ್‌ಕೋಡ್ ನಂಬರು, ಅಷ್ಟಕ್ಕೆಲ್ಲ ಖಾನೆ ಮಾಡೋಕಾಗಲ್ಲ. ಅದಕ್ಕೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಡಿಕ್ಷನರಿ ಹಾಕಿದೆ. ಕಂಡ ನಂಬರಿಗೆ ಮಾತ್ರ ಜಾಗ, ಎಣಿಕೆ ಅದೇ ರೀತಿ. ಹುಡುಗ ಸೆಟ್ ಹಾಕೋಣ ಅಂತಿದ್ದ, ಬೇಡ ಅಂದೆ. ಅಲ್ಲಿ ಒಂದೇ ಸ್ಟಿಕ್ಕರ್ ಎರಡು ಪ್ಯಾಂಟಿಗೆ ಅಂಟಿಸೋದು ಮಾಮೂಲಿ, ಸೆಟ್‌ನಲ್ಲಿ ಅವೆರಡೂ ಒಂದಾಗಿ ಹೋಗ್ತವೆ. ಕಳಿತಾ ಹೋಗುವಾಗ ಯಾವುದಾದರೂ ಸೊನ್ನೆಗಿಂತ ಕೆಳಗೆ ಇಳಿದರೆ ಆ ನಂಬರನ್ನ ಕೆಂಪಲ್ಲಿ ತೋರಿಸುತ್ತೆ. ಕೆಲಸ ಚೆನ್ನಾಗಿ ನಡೀತಿದೆ, ಅದರ ದುಡ್ಡು ಮಾತ್ರ ಇನ್ನೂ ಬಂದಿಲ್ಲ.